ಹಗ್ಗಕ್ಕೆ ಕೈ ಹಾಕಿದವನ ಪಾಲು

ಅವರ್ಸಾ
ಗುರುವಾರ, ೧೪ ನವೆಂಬರ್ ೨೦೨೪

ಫೋನಿನಲ್ಲಿ ಕೆಂಡ ಕಾರಿ, ನಾನು ಬಾಯಿ ತೆರೆಯುವ ಹೊತ್ತಿಗೆ ಕಟ್ ಮಾಡುವ ನನ್ನ ಪ್ರೀತಿಯ ಬೇಬಿ ಅಕ್ಕನಿಗೆ,

ಸುಮಿತಾಳ ನಮಸ್ಕಾರ. ನಾವೆಲ್ಲ ಕ್ಷೇಮ. ನೀನು ನೋಡಿದ ವಿಡಿಯೊ ಏನೇ ಹೇಳಲಿ, ಅಪ್ಪನೂ ಕ್ಷೇಮ. ಇವತ್ತು ಮಕ್ಕಳ ದಿನಾಚರಣೆ. ಐವತ್ತಕ್ಕೆ ಬಂದರೂ ಬೇಬಿಯಾಗಿಯೇ ಉಳಿದವಳಿಗೆ ಅದರ ಶುಭಾಶಯ.

ಪತ್ರ ಯಾಕೆಂದರೆ, ಪತ್ರವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನೀನು ಓದದೆ ಹರಿಯುವವಳಲ್ಲ, ಓದಿ ಹರಿಯುವವಳು. ಕಾರವಾರದ ಪೇಟೆಗೆ ಮೀನು ಒಯ್ಯುವ ಕಾಮಿಯ ಕೈಲಿ ಕಳಿಸುತ್ತಿದ್ದೇನೆ. ಜೊತೆಗೆ ಉದ್ದನೆಯ ಒಂದು ಪೊಟ್ಟಣ ಇದೆ. ಅದನ್ನು ಪತ್ರ ಮುಗಿದ ಮೇಲೆ ಬಿಚ್ಚು. ಮೊದಲೇ ಬಿಚ್ಚಿದರೆ ನೀನು ಮತ್ತೆ ಫೋನು ಮಾಡುತ್ತೀಯ.

ಮೊನ್ನೆ ನೀನು ಹೇಳಿದ್ದನ್ನೆಲ್ಲ ಸರಿಯಾಗಿ ಕೇಳಿಸಿಕೊಂಡಿದ್ದೇನೆ. ಅಪ್ಪನ ಕೈಗೆ ನಾನು ಮಾಡಿಕೊಟ್ಟ ಸಾಧನವನ್ನು ಒಲೆಗೆ ಹಾಕಬೇಕು. ಅಪ್ಪ ಇನ್ನು ಕಡಲ ಕಡೆ ತಲೆಹಾಕಿ ಮಲಗಲೂ ಬಾರದು. ಭಾನುವಾರ ನೀನೂ ಕಿಶನ ಭಾವನೂ ಕಾರು ತಂದು ಅವನನ್ನು ಕೋಡಿಬಾಗದ ನಿಮ್ಮ ಮನೆಗೆ ಒಯ್ಯುತ್ತೀರಿ. ಅಲ್ಲಿ ಅವನು ಬಾಲ್ಕನಿಯಲ್ಲಿ ಕೂತು ಕಾಳಿ ಹೊಳೆ ನೋಡುತ್ತಾನೆ. ನನ್ನ ಉತ್ತರ: ಇಲ್ಲ, ಇಲ್ಲ, ಇಲ್ಲ. ಪದ್ಯ ಪೂರ್ತಿಯಾಗಲು ನಾಲ್ಕನೆಯ ಸಾಲು ಬೇಕಿದ್ದರೆ, ಬಿಲ್‌ಕುಲ್ ಇಲ್ಲ.

ಇನ್ನೊಂದು ಮಾತು ಹೇಳಿದೆಯಲ್ಲ, ಮದುವೆಯಾಗಿದ್ದರೆ ನನಗೆ ಈ ಗುಜರಿಯ ಹುಚ್ಚು ಹಿಡಿಯುತ್ತಿರಲಿಲ್ಲ ಎಂದು. ಹಿಡಿಯುತ್ತಿತ್ತು ಅಕ್ಕ. ಗಂಡ ಇದ್ದಿದ್ದರೆ ಅವನಿಗೂ ಏನಾದರೂ ಮಾಡಿಕೊಡುತ್ತಿದ್ದೆ. ಎಲ್ಲಿದ್ದಾನೋ, ಪಾರಾದ ಪುಣ್ಯಾತ್ಮ. ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕಾಯುವ ಕೆಲಸ ಸಂಜೆಗೆ ಮುಗಿಯುತ್ತದೆ. ಆಮೇಲೆ ಬೇರೆ ಹೆಂಗಸರು ಸೀರಿಯಲ್ ನೋಡುತ್ತಾರೆ, ನಾನು ಸ್ಕ್ರೂಡ್ರೈವರ್ ಹಿಡಿಯುತ್ತೇನೆ. ನನ್ನ ಮೇಲೆ ನಾನೇ ಕಟ್ಟಿದ ಪದ್ಯ ನಿನಗೆ ನೆನಪಿರಬಹುದು:

ತಟ್ಟಿದರೆ ತಗಡು, ಮುಟ್ಟಿದರೆ ಮೊಳೆ,
ಸುಮಿತಾ ಕೂತಲ್ಲಿ ಗುಜರಿಯ ಮಳೆ.

ನನ್ನ ಎಲ್ಲ ಸಾಧನಗಳೂ ಸಾಧಿಸಿವೆ ಎಂದು ನಾನು ಹೇಳುವುದಿಲ್ಲ. ಆಯಿ ಅಂಗಳದಲ್ಲಿ ಒಣಗಿಸುವ ಮೀನಿಗೆ ಕಾಗೆ ಬಾರದಿರಲೆಂದು ಹಳೆ ಫ್ಯಾನಿನ ಮೋಟಾರಿಗೆ ಸೀಡಿಗಳನ್ನು ಕಟ್ಟಿ ತಿರುಗಿಸಿದೆ. ಕಾಗೆಗಳು ಮೊದಲ ದಿನ ಹೆದರಿದವು, ಮರುದಿನ ನೋಡಿದವು, ಮೂರನೆಯ ದಿನ ಒಂದು ಮರಿಕಾಗೆ ಅದರ ಮೇಲೆ ಕೂತು ಗರಗರ ತಿರುಗಿತು. ನಿನ್ನ ಮಾನಸಾಳಿಗೆ ಪೈಪು ಬಗ್ಗಿಸಿ ಮಾಡಿಕೊಟ್ಟ ಓದುವ ದೀಪ, ಅವಳು ಓದುವ ಮೊದಲೇ ತೂಕಡಿಸಿ ತಲೆ ಬಾಗಿಸಿತು. ಒಪ್ಪಿದೆ. ಆದರೆ ಇದು ಕಾಗೆಯ ವಿಷಯವಲ್ಲ, ದೀಪದ ವಿಷಯವೂ ಅಲ್ಲ. ಇದು ಅಪ್ಪನ ಊಟದ ವಿಷಯ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಗೊತ್ತಿದ್ದೂ ಮರೆತವಳಂತೆ ನೀನು ಮಾತಾಡಿದ್ದಕ್ಕೆ. ನಮ್ಮ ದಂಡೆಯಲ್ಲಿ ಈಗ ಎಳೆಯುವುದು ಅಜ್ಜನ ಕಾಲದ ದೊಡ್ಡ ರಂಪಣಿ ಬಲೆಯಲ್ಲ, ಅದರ ಮರಿ. ಆದರೂ ನಿಯಮ ಅದೇ. ದೋಣಿ ಬಲೆಯನ್ನು ಕಡಲಲ್ಲಿ ಸುತ್ತು ಹಾಕಿ ಬರುತ್ತದೆ, ಎರಡು ತುದಿಯ ಹಗ್ಗ ದಡಕ್ಕೆ ಬರುತ್ತದೆ, ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು. ದಾರಿಯಲ್ಲಿ ಹೋಗುವವನು ಕೈ ಹಾಕಿದರೆ ಅವನಿಗೂ ಪಾಲು. ಜಡೆಗೆ ಕೆಂಪು ರಿಬ್ಬನ್ನು ಕಟ್ಟಿಕೊಂಡು, ಶಾಲೆಗೆ ಹೋಗುವ ಮೊದಲು ಎಳೆದು, ಅರ್ಧ ಪಾಲು ಕೊಟ್ಟರೆಂದು ಎಳೆಯುವವರ ಮುಖಂಡನಾದ ತಾಂಡೇಲನ ಹತ್ತಿರವೇ ಜಗಳ ಮಾಡಿದವಳು ಯಾರು? ನಾನಲ್ಲ. ನಾನು ಆಗಲೂ ಬದಿಯಲ್ಲಿ ನಿಂತು ಹಗ್ಗದ ಗಂಟು ಹೇಗೆ ಹಾಕಿದ್ದಾರೆ ಎಂದು ನೋಡುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಬೈಗುಳವಂತೂ ಮೊದಲಿಗಿಂತ ಸ್ಪಷ್ಟವಾಯಿತು. ಬಲಗೈಯ ಬೆರಳು ಮಾತ್ರ ಮುಚ್ಚಲಿಲ್ಲ. ಮಳೆ ಮುಗಿದು ಬಲೆ ಬಿದ್ದ ಮೊದಲ ದಿನ ತಾಂಡೇಲ ಹುಲಿಯಾ ಬಕೆಟಿನಲ್ಲಿ ತಾರ್ಲೆ ಮೀನು ಹಿಡಿದು ಮನೆಗೆ ಬಂದ. ಅವನದು ಒಳ್ಳೆಯ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ.

"ಕುಪ್ಪಣ್ಣಾ, ನಿನ್ನ ಪಾಲು ತಕಂಡ್ ಬಂದೆ," ಎಂದ.

ಅಪ್ಪ ಬಕೆಟಿನ ಒಳಗೂ ನೋಡಲಿಲ್ಲ. "ನಾ ಹಗ್ಗ ಮುಟ್ಲಿಲ್ಲ, ನಂಗೆಲ್ಲಿಂದ ಪಾಲೋ? ಕಾಗೆಗೆ ಹಾಕು," ಎಂದ.

ಆಯಿ ಅದನ್ನು ಕಾಗೆಗೆ ಹಾಕದೆ ಹುಳಿ ಮಾಡಿದಳು. ಅಪ್ಪ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಎದ್ದ. ಅವತ್ತಿನಿಂದ ಈ ಮನೆಯಲ್ಲಿ ಅವನು ಮೀನು ಮುಟ್ಟಲಿಲ್ಲ ಅಕ್ಕ. ಕೊಂಡು ತಂದದ್ದೂ ಬೇಡ, ಕೊಟ್ಟದ್ದೂ ಬೇಡ. ನೀನು ಬಂದಾಗಲೆಲ್ಲ ಅಪ್ಪ ಸೊರಗಿದ್ದಾನೆ ಎಂದು ಶಕ್ತಿಯ ಮಾತ್ರೆ ತಂದು ಕೊಟ್ಟೆ. ಮಾತ್ರೆ ಒಳ್ಳೆಯದೇ. ಆದರೆ ಹುಟ್ಟಿದಾಗಿನಿಂದ ಬಂಗಡೆ ತಿಂದು ಬೆಳೆದ ಮೈ, ಕಡಲ ಗಾಳಿಯಲ್ಲಿ ಕೂತು ಮಜ್ಜಿಗೆ ಅನ್ನ ಉಂಡರೆ ಸೊರಗದೆ ಏನು ಮಾಡೀತು?

ಸೊಂಟಕ್ಕೆ ಪಟ್ಟಿ ಕಟ್ಟಿ ಎಳೆಯಬಹುದು ಎಂದು ಹುಲಿಯಾ ಹೇಳಿ ನೋಡಿದ. ಅಪ್ಪ ಉರಿದುಬಿದ್ದ. "ಸೊಂಟಕ್ಕೆ ಕಟ್ಟೂದು ಎತ್ತಿಗೆ. ಕೈ ಹಾಕ್ದಂವಗೆ ಪಾಲು ಹೇಳಿ ನಿಯಮ, ಸೊಂಟ ಹಾಕ್ದಂವಗೆ ಅಲ್ಲ." ಹಾಗಾಗಿ ಕೈಯೇ ಬೇಕಾಯಿತು. ಅಂಗಡಿಯಲ್ಲಿ ಸಿಗದ ಕೈ. ಅಂಗಡಿಯಲ್ಲಿ ಸಿಗದ್ದನ್ನು ಮಾಡುವುದೇ ನನ್ನ ಚಟ.

ಬಚ್ಚಲಿನ ಕೆಲಸದಲ್ಲಿ ಉಳಿದ ಪೈಪಿನ ತುಂಡನ್ನು ಬಿಸಿ ಮಾಡಿ, ಅಪ್ಪನ ಮುಂಗೈಯ ಅಳತೆಗೆ ಬಗ್ಗಿಸಿದೆ. ಒಳಗೆ ಮೆತ್ತಗಿರಲಿ ಎಂದು ಆಯಿಯ ಹಳೆ ಚಪ್ಪಲಿ ಕತ್ತರಿಸಿ ಅಂಟಿಸಿದೆ. ಬಿಗಿಯಲು ಮಾನಸಾ ಶಾಲೆಗೆ ಒಯ್ಯುತ್ತಿದ್ದ ಹಳೆ ಚೀಲದ ಪಟ್ಟಿ. ಹಗ್ಗ ಕಚ್ಚಿ ಹಿಡಿಯಲು, ಲಾರಿಯ ತಾಡಪಾಲು ಬಿಗಿಯುವ ಹಲ್ಲಿನ ಬಕಲ್. ಅದನ್ನು ಹಟ್ಟಿಕೇರಿಯ ಗುಜರಿಯಲ್ಲಿ ಹುಡುಕಿ ತಂದೆ. "ಎಂತ ಅಕ್ಕೋರೆ, ಲೈಬ್ರರಿಗೆ ಲಾರಿ ತಕಂಡ್ರಾ?" ಎಂದು ಅಲ್ಲಿಯವನು ಕೇಳಿದ. ಲಾರಿಯಲ್ಲ, ಲಾರಿಯಂಥ ಅಪ್ಪ ಇದ್ದಾನೆ ಎಂದೆ. ಎಲ್ಲ ಸೇರಿಸಿ ತೊಡಿಸಿದಾಗ ಅಪ್ಪ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏಡಿ ಕಂಡಂಗೆ ಕಾಣ್ತದೆ," ಎಂದ. ಹಾಗೆ ಅದರ ಹೆಸರು ಏಡಿ ಆಯಿತು.

ಅಂಗಳದ ತೆಂಗಿನ ಮರಕ್ಕೆ ಹಗ್ಗ ಕಟ್ಟಿ, ಅಪ್ಪನ ಕೈಲಿ ಎಳೆಸಿ ಪರೀಕ್ಷೆ ಮಾಡಿದೆ. ಗಟ್ಟಿಯಾಗಿ ಹಿಡಿಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ತೆಂಗಿನ ಮರದ ದೊಡ್ಡ ಗುಣವೇನು ಎಂದು ಆಗ ನನಗೆ ಹೊಳೆಯಲೇ ಇಲ್ಲ. ಅದು ತಿರುಗಿ ಎಳೆಯುವುದಿಲ್ಲ.

ತೆಂಗಿನ ಮರ ತೂಗಲಿಲ್ಲ, ಏಡಿ ಒಂಚೂರೂ ಜಾರಲಿಲ್ಲ;
ಕಡಲಿಗೆ ಮಾತ್ರ ಈ ಸುದ್ದಿ ಯಾರೂ ಹೋಗಿ ಹೇಳಲಿಲ್ಲ.

ಮುಂದಿನದನ್ನು ನೀನು ವಿಡಿಯೊದಲ್ಲಿ ನೋಡಿದ್ದೀಯ. ದೊಡ್ಡ ತೆರೆ ಹಿಂದೆ ಸರಿಯುವಾಗ ಬಲೆಯನ್ನೂ ಜೊತೆಗೆ ಎಳೆಯುತ್ತದೆ. ತಾಂಡೇಲ "ಬಿಡ್ರೋ!" ಎಂದು ಕೂಗಿದ ಕೂಡಲೇ ಎಲ್ಲರೂ ಹಗ್ಗ ಸಡಿಲ ಬಿಡಬೇಕು. ಎಲ್ಲರೂ ಬಿಟ್ಟರು. ಏಡಿ ಬಿಡಲಿಲ್ಲ. ಅಪ್ಪ ಎದೆ ಅಡಿಯಾಗಿ ಮರಳ ಮೇಲೆ ಜಾರಿಕೊಂಡು ನೀರಿಗೆ ಹೋದ. ಹುಲಿಯಾ ಹಾರಿ ಹಿಡಿದು, ಪಟ್ಟಿ ಕೊಯ್ದು ಬಿಡಿಸಿದ. ಬೀಚು ನೋಡಲು ಬಂದ ಯಾರೋ ಅದನ್ನು ಹಿಡಿದು, ಹಿಂದೆ ತಮಾಷೆಯ ವಾದ್ಯ ಸೇರಿಸಿ ಬಿಟ್ಟರು. ಅದು ನಿಮ್ಮ ಕಟ್ಟಡದ ಗುಂಪಿಗೂ ಬಂತು, ಕಿಶನ ಭಾವನ ಆಫೀಸಿಗೂ ಹೋಯಿತು.

ಮಾನಸಾಳನ್ನು ನೋಡಲು ಬರುವವರು ಇದನ್ನು ಕಂಡರೆ ಏನು ಗತಿ ಎಂದು ನೀನು ಕೇಳಿದೆ. ಹುಡುಗಿಯ ಅಜ್ಜ ಹಗ್ಗದ ಹಿಂದೆ ಹೋದ ಎಂಬುದಕ್ಕೆ ಹುಡುಗಿ ಬೇಡ ಎನ್ನುವವನು ಇದ್ದರೆ, ಅವನನ್ನು ಮೊದಲೇ ತೋರಿಸಿಕೊಟ್ಟ ಆ ವಿಡಿಯೊಗೆ ಒಂದು ತೆಂಗಿನಕಾಯಿ ಒಡೆಯೋಣ. ಇದರಲ್ಲಿ ನಾನು ತಮಾಷೆ ಮಾಡುತ್ತಿಲ್ಲ.

ಆ ವಿಡಿಯೊದಲ್ಲಿ ಇಲ್ಲದ್ದು ನಿನಗೆ ಗೊತ್ತಿಲ್ಲ. ಅಪ್ಪ ಉಪ್ಪುನೀರು ಉಗುಳಿ, ಮರಳಲ್ಲಿ ಕೂತು ನಕ್ಕ. ಲಕ್ವ ಹೊಡೆದ ಮೇಲೆ ಮೊದಲ ಸಲ ನಕ್ಕ, ಬಾಯಿ ಒಂದು ಬದಿಗೆ ವಾರೆಯಾಗಿ. ಆಮೇಲೆ ಹುಲಿಯಾನನ್ನು ಕೇಳಿದ, "ಹಂಗಾರೆ ಈವತ್ತು ನಂಗೆ ಪಾಲು ಅದೆಯೋ ಇಲ್ವೋ?"

"ಪಾಲು ಕೊಡೂಕೆ ನೀ ಬಲೆ ಎಳದ್ಯಾ, ಬಲೆ ನಿನ್ನ ಎಳೀತಾ?" ಎಂದು ಹುಲಿಯಾ ಕೇಳಿದ. ಗಂಡಸರೆಲ್ಲ ನಕ್ಕರು. ಬುಟ್ಟಿ ಹಿಡಿದು ನಿಂತಿದ್ದ ಬೀರಿ ಅಜ್ಜಿಗೆ ಸಿಟ್ಟು ಬಂತು. "ಹಗ್ಗ ಮುಟ್ಟಿದ್ದು ಹೌದಾ ಅಲ್ವಾ? ಯಾರು ಯಾರ್ನ ಎಳದ್ರು ಹೇಳಿ ಕೇಳೂಕೆ ನಿಮ್ಮಜ್ಜ ಹೇಳಿಟ್ಟಿದ್ನೆ? ಹಾಕಿ ಅಂವನ ಪಾಲು!" ಎಂದು ಬುಟ್ಟಿ ಕುಕ್ಕಿದಳು. ಹುಲಿಯಾ ಹಾಕಲು ಬಗ್ಗಿದ್ದೂ ಹೌದು. ತಡೆದವನು ಅಪ್ಪನೇ.

"ಬೇಡ. ಬಿಡು ಅಂದಾಗ ಬಿಡ್ದ ಕೈಗೆ ಪಾಲಿಲ್ಲ," ಎಂದು ಎದ್ದು ಮನೆಗೆ ಬಂದ. ಅವತ್ತೂ ಮಜ್ಜಿಗೆ ಅನ್ನ.

ಈಗ ನಿನಗೊಂದು ಸಂಗತಿ ಹೇಳುತ್ತೇನೆ, ಇದನ್ನು ಭಾವನಿಗೆ ಓದಿ ಹೇಳಬೇಡ. ಅವತ್ತು ಮಧ್ಯಾಹ್ನ ನಾನು ಏಡಿಯನ್ನು ಬಚ್ಚಲ ಒಲೆಯ ಮುಂದೆ ಇಟ್ಟುಕೊಂಡು ಕೂತಿದ್ದೆ. ಅಪ್ಪನ ಎದೆ ಪೂರ್ತಿ ತರಚಿತ್ತು. ಆಯಿ ಕೊಬ್ಬರಿ ಎಣ್ಣೆ ಹಚ್ಚುವಾಗ ಅವನು ಹಲ್ಲು ಕಚ್ಚುವುದು ಬಚ್ಚಲಿನವರೆಗೂ ಕೇಳುತ್ತಿತ್ತು. ಸುಟ್ಟುಬಿಡೋಣ ಎಂದು ಕಡ್ಡಿ ಗೀರಿದ್ದೆ. ಆಗ ನಿನ್ನ ಫೋನು ಬಂತು. ಅಪ್ಪನನ್ನು ಗೊಂಬೆ ಮಾಡಿ ಕುಣಿಸುತ್ತಿದ್ದೀಯಾ, ಸುಡು ಅದನ್ನು ಎಂದೆ. ಸುಡು ಎಂದು ನೀನು ಹೇಳಿದ ಮೇಲೆ ನಾನು ಹೇಗೆ ಸುಡಲಿ? ಚಿಕ್ಕಂದಿನಿಂದ ನೀನು ಹೇಳಿದ್ದನ್ನು ನಾನು ಯಾವತ್ತಾದರೂ ಮಾಡಿದ್ದೇನೆಯೇ? ಕಡ್ಡಿ ಬೆರಳು ಸುಟ್ಟಿತು, ಏಡಿ ಉಳಿಯಿತು. ಆದ್ದರಿಂದ ಎರಡನೆಯ ಏಡಿಯ ಪುಣ್ಯದಲ್ಲಿ ನಿನಗೂ ಒಂದು ಪಾಲು ಇದೆ.

ಹೌದು, ಎರಡನೆಯದು. ಬಕಲ್ ಕಿತ್ತು ಬಿಸಾಡಿದೆ. ಅದರ ಜಾಗದಲ್ಲಿ ಮೆತ್ತನೆಯ ಹಗ್ಗದ ಒಂದು ಬಾಲ. ಬಾಲದ ತುದಿಗೆ ಹಳೆ ಬಲೆಯಿಂದ ಬಿಚ್ಚಿದ ಬೆಂಡು. ಬಾಲವನ್ನು ದೊಡ್ಡ ಹಗ್ಗಕ್ಕೆ ಸುತ್ತಿ, ಬೆಂಡನ್ನು ಎಡಗೈಲಿ ಹಿಡಿದುಕೊಳ್ಳಬೇಕು. ಹಿಡಿದಿರುವಷ್ಟು ಹೊತ್ತು ಸುತ್ತು ಬಿಗಿಯಾಗಿ ಕಚ್ಚುತ್ತದೆ. ಬೆಂಡು ಬಿಟ್ಟರೆ ಸುತ್ತು ಬಿಚ್ಚಿ, ಹಗ್ಗ ಸರ್ರನೆ ಜಾರಿ ಹೋಗುತ್ತದೆ. ಎಳೆಯುವುದು ಬಲಗೈ, ಬಿಡುವುದು ಎಡಗೈ.

ಈ ಸಲ ತೆಂಗಿನ ಮರವನ್ನು ನಂಬಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಆಯಿಗೆ ಕೊಟ್ಟು, ನೀನು ಸಮುದ್ರ ಎಂದೆ. ಅಂಗಳದಲ್ಲಿ ಹೊನ್ನಮ್ಮ ಎಂಬ ಸಮುದ್ರ ಸೆರಗು ಸಿಕ್ಕಿಸಿ ನಿಂತಿತು. ಮೊದಲು ಮೆಲ್ಲಗೆ ಎಳೆದಳು. ಹಾಗಲ್ಲ ಆಯಿ, ಸಿಟ್ಟು ಬರಲಿ ಎಂದೆ. "ಸಿಟ್ಟೇ? ನಾ ಸಮುದ್ರ ಆಗಿದ್ರೆ ಮೊದ್ಲು ನಿನ್ನೇ ಒಯ್ತಿದ್ದೆ! ನನ್ನ ಚಪ್ಪಲಿ ಕೊಯ್ದವ್ಳೆ!" ಎಂದು ಹೇಳದೆ ಕೇಳದೆ ಜಗ್ಗಿದಳು. ಅಪ್ಪ ಬೆಂಡು ಬಿಟ್ಟ. ಹಗ್ಗ ಜಾರಿತು. ಸಮುದ್ರ ಹಿಂದೆ ಮುಗ್ಗರಿಸಿ ತುಳಸಿಕಟ್ಟೆಗೆ ಬೆನ್ನು ಕೊಟ್ಟು ಕೂತಿತು. ಐವತ್ತು ವರ್ಷದ ಲೆಕ್ಕ ಚುಕ್ತಾ ಆಯ್ತು ಎಂದು ಅಪ್ಪ ಹೇಳಿದ್ದಕ್ಕೆ, ಆಯಿ ಇನ್ನಷ್ಟು ಸಿಟ್ಟಿನಿಂದ ಮತ್ತೆ ಎಳೆದಳು. ಹೊತ್ತು ಮುಳುಗುವವರೆಗೂ ಅವರ ಜಗಳ ನಡೆಯಿತು. ಅದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಯಾವ ಇಂಜಿನಿಯರೂ ಮಾಡಿಸಲಾರ.

ನಿನ್ನೆ ಬೆಳಿಗ್ಗೆ ಅಪ್ಪ ತಾನೇ ಗಡ್ಡ ಬೋಳಿಸಿಕೊಂಡು, ಏಡಿ ತೊಡಿಸು ಎಂದ. ದಂಡೆಯಲ್ಲಿ ಹುಲಿಯಾ ಅಡ್ಡ ಬಂದ. "ಕುಪ್ಪಣ್ಣಾ ಬೇಡ ಮಾರಾಯಾ. ನಿಂಗೇನಾರೂ ಆದ್ರೆ ಬೇಬಿ ನನ್ನ ಬಿಡೂದಿಲ್ಲ," ಎಂದ. ನೋಡು, ನಿನ್ನ ಖ್ಯಾತಿ ಎಲ್ಲಿಯವರೆಗೆ ಹರಡಿದೆ! ಅಪ್ಪ ಸಾಲಿನ ಕೊನೆಗೆ ಹೋಗಿ ನಿಂತ. ಬಾಲ ಸುತ್ತಿದ. ಬೆಂಡು ಹಿಡಿದ.

ಎಳೆದರು. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ಮರಳ ದಿಬ್ಬ ತಲುಪಿದವನು ಹಗ್ಗ ಬಿಟ್ಟು ಮತ್ತೆ ನೀರಿನ ಅಂಚಿಗೆ ಹೋಗಿ ಹಿಡಿಯಬೇಕು. ಅಪ್ಪನೂ ಬಿಟ್ಟ, ಹೋದ, ಮತ್ತೆ ಹಿಡಿದ. ಬಲೆ ಹತ್ತಿರ ಬರುವಾಗ ದೊಡ್ಡ ತೆರೆ ಎದ್ದಿತು. "ಬಿಡ್ರೋ!" ಎಂಬ ಕೂಗು ಹುಲಿಯಾನ ಗಂಟಲಿನಿಂದ ಪೂರ್ತಿ ಹೊರಗೆ ಬಿದ್ದಿರಲಿಲ್ಲ, ಅಪ್ಪನ ಕೈಯಿಂದ ಹಗ್ಗ ಜಾರಿ ಹೋಗಿತ್ತು. ಎಲ್ಲರಿಗಿಂತ ಮೊದಲು ಬಿಟ್ಟವನು ಅವನು. ಅವನ ಮುಂದೆ ಇದ್ದ ಗಟ್ಟಿ ಆಳೊಬ್ಬ ಬಿಡಲು ತಡಮಾಡಿ ಮೊಣಕಾಲಿಗೆ ಬಿದ್ದ. "ಏಡಿ ಬೇಕೇನೋ ನಿಂಗೂ?" ಎಂದು ಅಪ್ಪ ಅವನನ್ನು ಕೇಳಿದ.

ಮೀನನ್ನು ಗುಪ್ಪೆ ಗುಪ್ಪೆಯಾಗಿ ಮರಳ ಮೇಲೆ ಹಾಕಿದರು. ಯಾರಿಗೂ ಪಕ್ಷಪಾತ ಆಗಬಾರದೆಂದು ಒಬ್ಬರು ಬೆನ್ನು ತಿರುಗಿಸಿ ನಿಂತು ಹೆಸರು ಕೂಗುವ ಪದ್ಧತಿ ನಿನಗೆ ನೆನಪಿದೆಯಲ್ಲ. ನಿನ್ನೆ ಬೆನ್ನು ತಿರುಗಿಸಿದವಳು ಬೀರಿ ಅಜ್ಜಿ. ಹುಲಿಯಾ ಒಂದು ಗುಪ್ಪೆಗೆ ಕೋಲು ಮುಟ್ಟಿಸಿ, "ಇದು ಯಾರದ್ದು?" ಎಂದು ಕೇಳಿದ. "ಕುಪ್ಪಂದು!" ಎಂದಳು. ಬುಟ್ಟಿ ಕುಕ್ಕಲಿಲ್ಲ, ದನಿ ಏರಿಸಲಿಲ್ಲ, ಎಲ್ಲರ ಹೆಸರು ಕೂಗಿದಂತೆಯೇ ಕೂಗಿದಳು. ಆಗ ನನ್ನ ಕಣ್ಣಿಗೆ ಮರಳು ಬಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಮಧ್ಯಾಹ್ನ ಅಪ್ಪ ಬಂಗಡೆ ಉಂಡ. ಮುಳ್ಳು ಮಾತ್ರ ಉಳಿಸಿದ. ಬೆಕ್ಕು ತಟ್ಟೆಯ ಸುತ್ತ ಒಂದು ಸುತ್ತು ಬಂದು, ಬೇಸರಪಟ್ಟುಕೊಂಡು ಹೋಯಿತು.

ಆದ್ದರಿಂದ ಭಾನುವಾರ ಬರುವುದಾದರೆ ಖಂಡಿತ ಬಾ. ಆದರೆ ಒಯ್ಯಲು ಬರಬೇಡ. ಅವನನ್ನು ಕೋಡಿಬಾಗಕ್ಕೆ ಕಟ್ಟಿ ಒಯ್ಯಲು ಅವನೇನು ಒಣಮೀನಿನ ಮೂಟೆಯಲ್ಲ. ಏಡಿ ಸುಡಲು ಬರಬೇಡ. ಸುಟ್ಟರೆ ಮೂರನೆಯದು ಮಾಡುತ್ತೇನೆ, ಆಯಿಗೆ ಇನ್ನೊಂದು ಚಪ್ಪಲಿ ಇದೆ. ನಾಳೆ ಅಪ್ಪ ಮತ್ತೆ ಬಿದ್ದರೆ ಎಂದು ನೀನು ಕೇಳುತ್ತೀಯ. ಬೀಳಬಹುದು. ನಾನು ಬದಿಯಲ್ಲೇ ನಿಂತಿರುತ್ತೇನೆ. ದಂಡೆಯಲ್ಲಿ ಬಿದ್ದರೆ ಎತ್ತಲು ಅಷ್ಟು ಕೈ ಇವೆ. ನಿನ್ನ ಬಾಲ್ಕನಿಯಲ್ಲಿ ಕುರ್ಚಿಯ ಮೇಲೆ ಕೂತಲ್ಲೇ ಒಳಗಿಂದ ಕುಸಿದರೆ ಯಾವ ಕೈ ಹಾಕಿ ಎತ್ತುತ್ತೀಯ?

ನನ್ನ ಮೇಲೆ ಸಿಟ್ಟು ಇರಲಿ. ಸಿಟ್ಟಿನ ಜೊತೆಗೇ ಬಾ, ಬೆಳಕು ಹರಿಯುವ ಮೊದಲು ಬಾ, ಭಾವನ ಕಾರು ದೇವಸ್ಥಾನದ ಹತ್ತಿರ ನಿಲ್ಲಿಸಿ ದಂಡೆಗೆ ನಡೆದು ಬಾ. ಜಡೆ ಇಲ್ಲದಿದ್ದರೂ ಪರವಾಗಿಲ್ಲ. (ಚೌತಿಗೆ ಬಂದಾಗ ಮೊಣಕಾಲಿಗೆ ಇಳಿಯುತ್ತಿದ್ದ ಕೂದಲನ್ನು ಕತ್ತರಿಸಿಕೊಂಡು ಬಂದು, ಫ್ಯಾಷನ್ ಅಂದೆ. ಆಯಿ ಇನ್ನೂ ಆ ಫ್ಯಾಷನ್ನಿಗೆ ಶಾಪ ಹಾಕುತ್ತಿದ್ದಾಳೆ.) ಹಗ್ಗಕ್ಕೆ ಒಂದು ಕೈ ಹಾಕು. ಈ ಸಲ ಹುಲಿಯಾನಿಗೆ ಹೇಳಿ ನಿನಗೆ ಪೂರ್ತಿ ಪಾಲು ಕೊಡಿಸುವ ಜವಾಬ್ದಾರಿ ನನ್ನದು.

ಆಯಿ ಆಶೀರ್ವಾದ ಹೇಳಿದ್ದಾಳೆ. ಅಪ್ಪ ಅಂಗಳದಲ್ಲಿ ಕೂತು ಏಡಿಯ ಬಾಲಕ್ಕೆ ಎಣ್ಣೆ ಸವರುತ್ತಿದ್ದಾನೆ.

ಸುಡು ಎಂದರೆ ಸುಡದ, ಬಿಡು ಎಂದರೆ ಬಿಡದ,
ನಿನ್ನ ತಂಗಿ
ಸುಮಿತಾ

ತಾ. ಕ.: ಈಗ ಪೊಟ್ಟಣ ಬಿಚ್ಚು. ಚೌತಿಯ ದಿನ ನೀನು ಆರತಿಯ ತಟ್ಟೆಯನ್ನು ಎಡಗೈಲಿ ಹಿಡಿದದ್ದನ್ನೂ, ಮಾನಸಾ ನಿನ್ನ ಹೆಗಲಿಗೆ ಸೆರಗಿನ ಪಿನ್ನು ಚುಚ್ಚಿದ್ದನ್ನೂ, ಅಟ್ಟದ ಮೇಲಿನ ಡಬ್ಬಿ ತೆಗೆಯಲು ನೀನು ಸ್ಟೂಲು ಹತ್ತಿದ್ದನ್ನೂ ನಾನು ನೋಡಿದೆ. ನಿನ್ನ ಬಲಗೈ ಭುಜದ ಮೇಲೆ ಏಳುತ್ತಿಲ್ಲ. ಯಾರಿಗೂ ಹೇಳಬೇಡ ಅಂದರೆ ಹೇಳುವುದಿಲ್ಲ. ಡಾಕ್ಟರಿಗೆ ಮಾತ್ರ ನೀನೇ ಹೇಳು. ಇದು ಉದ್ದ ಹಿಡಿಯ ಬಾಚಣಿಗೆ. ಕೈ ಎತ್ತದೆಯೇ ನೆತ್ತಿಯವರೆಗೂ, ಹಿಂದಕ್ಕೂ ಹೋಗುತ್ತದೆ. ತೆಂಗಿನ ಮರದ ಮೇಲೆ ಪರೀಕ್ಷಿಸಿದ್ದಲ್ಲ, ನನ್ನ ತಲೆಯ ಮೇಲೆಯೇ. ಕೂದಲು ಮತ್ತೆ ಬಿಡು. ಹಿಡಿಯನ್ನು ಉಜ್ಜಿ ನುಣುಪು ಮಾಡಿದವನು ಅಪ್ಪ, ಎಡಗೈಲಿ. ಯಾರಿಗೆಂದು ನಾನು ಅವನಿಗೆ ಹೇಳಿರಲಿಲ್ಲ, ಅವನು ಕೇಳಲೂ ಇಲ್ಲ. ಉಜ್ಜುತ್ತ ಉಜ್ಜುತ್ತ ಇಷ್ಟೇ ಹೇಳಿದ: "ಹಲ್ಲು ಅಗಲ ಇಡು. ಬೇಬಿ ಕೂದ್ಲು ದಪ್ಪ."